ವರ್ಡ್‌ಪ್ರೆಸ್: ಗಡಿನಾಡಿನ ಕನ್ನಡ ಜಾಲತಾಣಕ್ಕೆ ಎಷ್ಟು ಒಗ್ಗುತ್ತದೆ?

ಕಾಸರಗೋಡು ಕಡೆಯ ದೇವಸ್ಥಾನ, ಯಕ್ಷಗಾನ ಸಂಘ, ಗ್ರಂಥಾಲಯಗಳ ಜಾಲತಾಣ ನೋಡಿಕೊಳ್ಳುವವರಲ್ಲಿ ಹೆಚ್ಚಿನವರಿಗೆ ಅದು ಸಂಜೆಯ ಕೆಲಸ. ಯಾರೋ ಎಂದೋ ಮಾಡಿಕೊಟ್ಟ ಎಚ್‌ಟಿಎಂಎಲ್ ಪುಟದಲ್ಲಿ ಒಂದು ಫೋನ್ ನಂಬರ್ ಬದಲಾಗಬೇಕಾದರೂ ಅವರ ಬಿಡುವನ್ನೇ ಕಾಯಬೇಕು. ಆ ಹಂಗು ಬೇಡವೆಂದು, ಕೋಡ್ ಬರೆಯದೆಯೇ ಜಾಲತಾಣ ಕಟ್ಟಿ ತಿದ್ದಲು ನೆರವಾಗುವ ವರ್ಡ್‌ಪ್ರೆಸ್‌ಗೆ ಬರುವವರಿಗಾಗಿ ಈ ಪರಿಶೀಲನೆ. ಇಲ್ಲಿ ಮಾತು ಸ್ವಂತ ಹೋಸ್ಟಿಂಗ್‌ನಲ್ಲಿ (ತಾಣ ಇಡಲು ಬಾಡಿಗೆಗೆ ಪಡೆದ ಸರ್ವರ್ ಜಾಗದಲ್ಲಿ) ಹಾಕಿಕೊಳ್ಳುವ ಉಚಿತ ತಂತ್ರಾಂಶದ ಕುರಿತು. ಅದೇ ಹೆಸರಿನ ಡಾಟ್ ಕಾಮ್ ಸೇವೆ ಬೇರೆ. ಕಲಿಯಲು ಕಷ್ಟವಿದೆ, ಕಲಿತರೆ ಪ್ರಯೋಜನ ಅದಕ್ಕಿಂತ ದೊಡ್ಡದು. ಕಷ್ಟದ ಬಹುಪಾಲು ಬರುವುದು ಕನ್ನಡದಲ್ಲಿ ಬರೆಯಲು ಹೊರಟಾಗಲೇ, ಮತ್ತು ಸಾಮಾನ್ಯ ಪಾಠಗಳಲ್ಲಿ ಅದರ ಪ್ರಸ್ತಾಪ ಸಿಗುವುದು ಕಡಿಮೆ.

ಮೊದಲ ಲೇಖನ ಬರೆಯುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಮೂರು ಕಡೆ ಕೈಯಾಡಿಸಲೇಬೇಕು. ಜನರಲ್‌ನಲ್ಲಿ ಸಮಯ ವಲಯ ಯುಟಿಸಿ ಎಂದಿದ್ದರೆ ಕೋಲ್ಕತ ಎಂದು ಬದಲಿಸಿ. ಹಾಗೇ ಬಿಟ್ಟರೆ ಬೆಳಿಗ್ಗೆ 6ಕ್ಕೆ ಪ್ರಕಟವಾಗಲಿ ಎಂದು ಇಟ್ಟ ಜಾತ್ರೆಯ ಸೂಚನೆ 11.30ಕ್ಕೆ ಹೊರಬರುತ್ತದೆ. ಸಮಯ ಸರಿಯಿದ್ದೂ ತಡವಾದರೆ ಕಾರಣ ಬೇರೆ: ಈ ತಂತ್ರಾಂಶದ ಗಡಿಯಾರ ಯಾರಾದರೂ ತಾಣಕ್ಕೆ ಬಂದಾಗ ಮಾತ್ರ ಓಡುತ್ತದೆ. ಓದುಗರು ವಿರಳವಾದ ತಾಣದಲ್ಲಿ ಹೋಸ್ಟಿಂಗ್‌ನ ಕ್ರಾನ್ ಜಾಬ್ (ನಿಗದಿತ ಸಮಯಕ್ಕೆ ತಾನಾಗಿ ಓಡುವ ಆದೇಶ) ಮೂಲಕ 15 ನಿಮಿಷಕ್ಕೊಮ್ಮೆ ಅದನ್ನು ಎಬ್ಬಿಸಬೇಕು. ರೀಡಿಂಗ್ ಪುಟದ ಕೊನೆಯಲ್ಲಿ ಹುಡುಕು ಎಂಜಿನ್‌ಗಳನ್ನು ದೂರವಿಡುವ ಟಿಕ್ ಗುರುತು ಇದೆ. ತಾಣ ಕಟ್ಟುವಾಗ ಹಾಕಿ ಆಮೇಲೆ ಮರೆತರೆ ಗೂಗಲ್‌ನಲ್ಲಿ ತಾಣ ಕಾಣಿಸುವುದೇ ಇಲ್ಲ.

ಮೂರನೆಯದು ಪರ್ಮಲಿಂಕ್, ಅಂದರೆ ಪ್ರತಿ ಲೇಖನದ ಕಾಯಂ ವಿಳಾಸ. ‘ಪೋಸ್ಟ್ ನೇಮ್’ ಆರಿಸುವುದು ಸರಿಯೇ. ಆದರೆ ಶೀರ್ಷಿಕೆ ಕನ್ನಡದಲ್ಲಿದ್ದರೆ ವಿಳಾಸವೂ ಕನ್ನಡದಲ್ಲೇ ತಯಾರಾಗುತ್ತದೆ. ಒಳಗೆ ಪ್ರತಿ ಅಕ್ಷರ, ಗುಣಿತದ ಚಿಹ್ನೆ ಮತ್ತು ಹಲಂತಕ್ಕೆ 3 ಬೈಟ್. ವಿಳಾಸದಲ್ಲಿ ಅದು 9 ಚಿಹ್ನೆಗಳಾಗಿ ಹಿಗ್ಗುತ್ತದೆ. ಈ ಭಾಗಕ್ಕೆ ಇರುವ ಜಾಗ 200 ಚಿಹ್ನೆ. ಅಂದರೆ 22 ಕನ್ನಡ ಚಿಹ್ನೆಗಳಾದೊಡನೆ ಉಳಿದದ್ದಕ್ಕೆ ಕತ್ತರಿ ಬಿತ್ತು. ‘ಬ್ರಹ್ಮಕಲಶೋತ್ಸವದ ಪೂರ್ವಭಾವಿ ಸಭೆ’ ಎಂಬ ಶೀರ್ಷಿಕೆಯ ವಿಳಾಸ ‘ಬ್ರಹ್ಮಕಲಶೋತ್ಸವದ-ಪೂರ್ವಭಾ’ ಎಂಬಲ್ಲಿಗೆ ನಿಲ್ಲುತ್ತದೆ. ಅದನ್ನೇ ವಾಟ್ಸಾಪ್‌ಗೆ ಅಂಟಿಸಿದರೆ ಶೇಕಡಾ ಗುರುತುಗಳ ಉದ್ದ ಸಾಲು ಬೀಳುವುದುಂಟು. ಪ್ರಕಟಿಸುವ ಮೊದಲೇ ಬಲಬದಿಯ ಪಟ್ಟಿಯಲ್ಲಿ ವಿಳಾಸವನ್ನು ಇಂಗ್ಲಿಷ್ ಅಕ್ಷರದ ಎರಡು–ಮೂರು ಪದಕ್ಕೆ ಇಳಿಸಿಬಿಡಿ. ಕನ್ನಡದ ವಿಳಾಸವೇ ಇರಲಿ ಎಂಬ ಆಸೆ ಸಹಜ, ಆದರೆ ಕೊಂಡಿ ಹಂಚಿಕೊಳ್ಳಲು ಸುಲಭವಾಗಿರುವುದು ಹೆಚ್ಚು ಮುಖ್ಯ.

ಇನ್ನು ಬರವಣಿಗೆ. 2018ರ ಡಿಸೆಂಬರ್‌ನಲ್ಲಿ 5.0ನೇ ಆವೃತ್ತಿಯೊಂದಿಗೆ ಬಂದ ಬ್ಲಾಕ್ ಎಡಿಟರ್‌ನಲ್ಲಿ ಪ್ರತಿ ಪ್ಯಾರಾ, ಚಿತ್ರ, ಪಟ್ಟಿ ಬೇರೆ ಬೇರೆ ತುಂಡು. ಓರೆಗೆರೆ ಒತ್ತಿದರೆ ಬ್ಲಾಕ್‌ಗಳ ಪಟ್ಟಿ ತೆರೆಯುತ್ತದೆ ಎಂದು ಎಲ್ಲ ಪಾಠಗಳೂ ಹೇಳುತ್ತವೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಆ ಕೀಲಿ ಒತ್ತಿದರೆ ಬೀಳುವುದು ‘ಯ’! ಭಾಷೆ ಬದಲಿಸಿ ಒತ್ತಬೇಕು, ಇಲ್ಲವೇ ಎಡಮೇಲಿನ ಕೂಡಿಸು ಗುರುತು ಬಳಸಬೇಕು. ಎಂಟರ್ ಒತ್ತಿದರೆ ಹೊಸ ಬ್ಲಾಕ್, ಶಿಫ್ಟ್ ಎಂಟರ್ ಒತ್ತಿದರೆ ಅದೇ ಬ್ಲಾಕ್‌ನಲ್ಲಿ ಹೊಸ ಸಾಲು. ಯಕ್ಷಗಾನದ ಪದ್ಯ ಹಾಕುವವರು ‘ವರ್ಸ್’ ಬ್ಲಾಕ್ ಹಿಡಿಯಲಿ, ಸಾಲಿನ ಮುಂದಿನ ಖಾಲಿ ಜಾಗವೂ ಇದ್ದಂತೆ ಉಳಿಯುತ್ತದೆ. ಹಳೆಯ ಆಮಂತ್ರಣ ಪತ್ರಿಕೆಗಳು ನುಡಿ ಅಥವಾ ಬರಹದ ಹಳೆ ಫಾಂಟಿನಲ್ಲಿದ್ದರೆ ಅಂಟಿಸಿದೊಡನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಅದು ವರ್ಡ್‌ಪ್ರೆಸ್ಸಿನ ತಪ್ಪಲ್ಲ. ಯೂನಿಕೋಡ್‌ಗೆ ಪರಿವರ್ತಿಸಿಯೇ ತರಬೇಕು. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಕಣ್ಣಾರೆ ಓದಿ ನೋಡಿ.

ಹೊಸಬರು ಅತಿ ಹೆಚ್ಚು ಮುಗ್ಗರಿಸುವುದು ‘ಪುಟ’ ಮತ್ತು ‘ಟೆಂಪ್ಲೇಟ್’ ನಡುವೆ. ಪುಟವೆಂದರೆ ಒಂದು ಬರಹ, ಟೆಂಪ್ಲೇಟ್ ಎಂದರೆ ಹಲವು ಪುಟಗಳಿಗೆ ಒಂದೇ ಆಗಿರುವ ಅಚ್ಚು. ತಾಣದ ಇಡೀ ರೂಪವನ್ನು ಬ್ಲಾಕ್‌ಗಳಿಂದಲೇ ಕಟ್ಟುವ ಬ್ಲಾಕ್ ಥೀಮ್‌ನಲ್ಲಿ ಎರಡೂ ಒಂದೇ ಬಗೆಯ ಪರದೆಯಲ್ಲಿ ತೆರೆಯುತ್ತವೆ. ಒಂದು ಪುಟದ ಶೀರ್ಷಿಕೆ ಬೇಡವೆಂದು ಟೆಂಪ್ಲೇಟ್‌ನಿಂದ ಅಳಿಸಿದರೆ ಎಲ್ಲ ಪುಟಗಳ ಶೀರ್ಷಿಕೆಯೂ ಮಾಯ. ಉಳಿಸುವಾಗ ಯಾವುದೆಲ್ಲ ಬದಲಾಗಲಿದೆ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಟೆಂಪ್ಲೇಟ್‌ನ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿ ನೋಡಿ. ಈ ಗೊಂದಲಕ್ಕೆ ಕಲಿಯುವವರನ್ನು ದೂರಲಾಗದು, ವಿನ್ಯಾಸವೇ ಇಲ್ಲಿ ಸೋತಿದೆ.

ಕನ್ನಡ ಚೆಂದ ಕಾಣಬೇಕಾದರೆ ಸಾಲಿನ ಅಂತರ ಹೆಚ್ಚಿಸಬೇಕು. ಹಲವು ಥೀಮ್‌ಗಳಲ್ಲಿ ಶೀರ್ಷಿಕೆಯ ಅಂತರ 1.2ಕ್ಕಿಂತ ಮೇಲಿರುವುದಿಲ್ಲ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸ್ಟೈಲ್ಸ್‌ನಲ್ಲಿ ಶೀರ್ಷಿಕೆಗೆ 1.4, ಬರಹಕ್ಕೆ 1.7 ಇಡಿ, ಅಕ್ಷರಗಳ ನಡುವಿನ ಅಂತರ ಸೊನ್ನೆ ಮಾಡಿ. 2024ರ 6.5ನೇ ಆವೃತ್ತಿಯಿಂದ ಫಾಂಟ್ ಲೈಬ್ರರಿ ಇದೆ. ನೋಟೊ ಸೆರಿಫ್ ಕನ್ನಡದ 400 ಮತ್ತು 700 ತೂಕಗಳನ್ನಷ್ಟೇ ಇಳಿಸಿಕೊಂಡರೆ ಸಾಕು.

ಒಳಗಿನ ಹುಡುಕಾಟ ಮಾತ್ರ ನಿರಾಸೆ ತರುತ್ತದೆ. ಅದು ಅಕ್ಷರಗಳ ಸಾಲನ್ನಷ್ಟೇ ಹೋಲಿಸುತ್ತದೆ, ವಿಭಕ್ತಿ ಅರಿಯದು. ‘ಕುಂಬಳೆ’ ಹುಡುಕಿದರೆ ‘ಕುಂಬಳೆಯಲ್ಲಿ’ ಸಿಗುತ್ತದೆ, ‘ಮಧೂರು’ ಹುಡುಕಿದರೆ ‘ಮಧೂರಿನಲ್ಲಿ’ ಸಿಗದು. ಟ್ಯಾಗ್ ಹಾಕಿದರೂ ಉಪಯೋಗವಿಲ್ಲ, ಈ ಹುಡುಕಾಟ ಅದನ್ನು ನೋಡುವುದಿಲ್ಲ. ಶೀರ್ಷಿಕೆ ಅಥವಾ ಸಾರಾಂಶದಲ್ಲಿ ಊರಿನ ಹೆಸರನ್ನು ಪ್ರತ್ಯಯವಿಲ್ಲದೆ ಒಮ್ಮೆ ಬರೆಯುವುದೇ ದಾರಿ.

ನಮ್ಮ ಜಿಲ್ಲೆಯಲ್ಲಿ ಮಲಯಾಳವೂ ಬೇಕು. ಪಾಲಿಲ್ಯಾಂಗ್ ಎಂಬ ಪ್ಲಗಿನ್‌ನ (ಹೆಚ್ಚುವರಿ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶ) ಉಚಿತ ಆವೃತ್ತಿಯಲ್ಲಿ ಕನ್ನಡ, ಮಲಯಾಳ ಎರಡನ್ನೂ ಸೇರಿಸಿ, ಪ್ರತಿ ಪುಟದ ಪಕ್ಕದ ಕೂಡಿಸು ಗುರುತಿನಿಂದ ಅನುವಾದ ಬರೆಯಬಹುದು. ಅನುವಾದ ನೀವೇ ಬರೆಯಬೇಕು, ತಾನಾಗಿ ಆಗುವುದಿಲ್ಲ. ಎರಡು ಭಾಷೆಗೂ ಒಂದೇ ವಿಳಾಸಪದ ಇಡಲು ಹಣ ಕೊಟ್ಟ ಆವೃತ್ತಿ ಬೇಕು. ಉಚಿತದಲ್ಲಿ ಎರಡನೆಯದಕ್ಕೆ ಕೊನೆಯಲ್ಲಿ 2 ಅಂಟುತ್ತದೆ. ಡ್ಯಾಶ್‌ಬೋರ್ಡ್‌ನ ಭಾಷೆಯನ್ನು ಪ್ರತಿಯೊಬ್ಬರೂ ತಮ್ಮ ಪ್ರೊಫೈಲ್‌ನಲ್ಲಿ ಆರಿಸಿಕೊಳ್ಳಬಹುದಾದ್ದರಿಂದ ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ ಕೆಲಸ ಮಾಡಲು ಅಡ್ಡಿಯಿಲ್ಲ. ಪ್ಲಗಿನ್‌ಗಳ ಪರದೆಗಳು ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ.

ಫೋಟೊಗಳನ್ನು ಫೋನಿನಿಂದ ನೇರ ಏರಿಸಬೇಡಿ. ವರ್ಡ್‌ಪ್ರೆಸ್ ಬರೆದಿರುವ ಪಿಎಚ್‌ಪಿ ಭಾಷೆಯಲ್ಲಿ ಒಂದು ಫೈಲಿಗೆ ಮೂಲ ಮಿತಿ 2 ಎಂಬಿ, ಅದನ್ನು ಹೋಸ್ಟಿಂಗ್‌ನವರು ಏರಿಸಿರದಿದ್ದರೆ ಫೋಟೊ ಹೋಗುವುದೇ ಇಲ್ಲ. ಹೋದರೂ ಒಂದು ಚಿತ್ರಕ್ಕೆ 150, 300, 768, 1024, 1536, 2048 ಪಿಕ್ಸೆಲ್‌ಗಳ ಪ್ರತಿಗಳು ಹುಟ್ಟುತ್ತವೆ. 2560 ಮೀರಿದ್ದರೆ ಇನ್ನೊಂದು ಕುಗ್ಗಿಸಿದ ಪ್ರತಿ, ಜೊತೆಗೆ ಮೂಲವೂ ಉಳಿಯುತ್ತದೆ. ಯಕ್ಷಗಾನ ಆಟದ 200 ಫೋಟೊ ಹಾಕಿದರೆ ಸಣ್ಣ ಹೋಸ್ಟಿಂಗ್‌ನ ಜಾಗ ಬೇಗ ತುಂಬುತ್ತದೆ. 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ಹಾಕಿ.

ಇಷ್ಟು ದಾಟಿದವರಿಗೆ ಸಿಗುವುದೇನು? ಮೊದಲು ಹೇಳಬೇಕಾದ್ದು ಸಿಂಕ್ಡ್ ಪ್ಯಾಟರ್ನ್. ಸೇವಾದರಗಳ ಪಟ್ಟಿಯನ್ನು ಒಮ್ಮೆ ಹಾಗೆ ಉಳಿಸಿ ಐದು ಪುಟದಲ್ಲಿ ಹಾಕಿದ್ದರೆ, ದರ ಬದಲಾದಾಗ ಒಂದೇ ಕಡೆ ತಿದ್ದಿದರೆ ಐದೂ ಪುಟ ಸರಿಯಾಗುತ್ತದೆ. ಹಳೆ ದರ ನೋಡಿ ಬಂದ ಭಕ್ತರಿಗೆ ಕೌಂಟರಿನಲ್ಲಿ ವಿವರಿಸುವ ಪ್ರಸಂಗ ತಪ್ಪುತ್ತದೆ. ನಮ್ಮ ದೃಷ್ಟಿಯಲ್ಲಿ ಕಲಿತ ಶ್ರಮಕ್ಕೆ ಇದೊಂದೇ ಸಾಕು. ಇನ್ನೊಂದು ರಿವಿಜನ್: ಉಳಿಸಿದ ಪ್ರತಿ ರೂಪವೂ ದಾಖಲೆಯಲ್ಲಿರುತ್ತದೆ, ಯಾರೋ ಅಳಿಸಿದ ಪ್ಯಾರಾವನ್ನು ಎರಡು ಕ್ಲಿಕ್‌ನಲ್ಲಿ ಮರಳಿ ತರಬಹುದು. ಬರೆಯುತ್ತಿರುವುದು 60 ಸೆಕೆಂಡಿಗೊಮ್ಮೆ ತಾನಾಗಿ ಉಳಿಯುವುದರಿಂದ ಆಟಿಯ ಮಳೆಗೆ ಕರೆಂಟ್ ಹೋದರೂ ನಷ್ಟ ಅಲ್ಪ. ಹೊಣೆ ಹಂಚಲೂ ಬರುತ್ತದೆ: ‘ಕಾಂಟ್ರಿಬ್ಯೂಟರ್’ ಬರೆಯಬಲ್ಲರು, ಪ್ರಕಟಿಸಲಾರರು. ಆದರೆ ಅವರಿಗೆ ಚಿತ್ರ ಏರಿಸಲೂ ಅವಕಾಶವಿಲ್ಲ, ಫೋಟೊಗಳನ್ನು ‘ಎಡಿಟರ್’ ಸೇರಿಸಿಕೊಡಬೇಕು.

ಪ್ಲಗಿನ್ ಅಪ್‌ಡೇಟ್ ಮಾಡುವ ಮೊದಲು ಬ್ಯಾಕಪ್ ತೆಗೆದು ಹೋಸ್ಟಿಂಗ್‌ನಿಂದ ಹೊರಗೆ, ಡ್ರೈವ್‌ನಲ್ಲೋ ಬೇರೆಡೆಯೋ ಇಡಿ. ಅಪ್‌ಡೇಟ್ ಬಳಿಕ ತಾಣ ಕೆಟ್ಟರೆ 2019ರ 5.2ನೇ ಆವೃತ್ತಿಯಿಂದ ನಿರ್ವಾಹಕರ ಇಮೇಲ್‌ಗೆ ರಿಕವರಿ ಕೊಂಡಿ ಬರುವ ವ್ಯವಸ್ಥೆ ಇದೆ. ಎಷ್ಟೋ ಅಗ್ಗದ ಹೋಸ್ಟಿಂಗ್‌ಗಳಿಂದ ಹೊರಟ ಇಮೇಲ್ ಸ್ಪ್ಯಾಮ್ ಪಾಲಾಗುತ್ತದೆ. ಇಮೇಲನ್ನು ಸರಿಯಾದ ಮೇಲ್ ಸರ್ವರ್ ಮೂಲಕ ಕಳಿಸುವ ಎಸ್‌ಎಂಟಿಪಿ ಪ್ಲಗಿನ್ ಹಾಕಿ ಒಂದು ಪರೀಕ್ಷಾ ಪತ್ರ ಕಳಿಸಿ ನೋಡಿಕೊಂಡಿರಿ. ಕೊಂಡಿ ಬರದೇ ಇದ್ದರೆ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದು ಪ್ಲಗಿನ್ಸ್ ಫೋಲ್ಡರ್‌ನೊಳಗೆ ತೊಂದರೆ ಕೊಟ್ಟ ಪ್ಲಗಿನ್‌ನ ಫೋಲ್ಡರಿಗೆ ಬೇರೆ ಹೆಸರಿಡಿ. ಅದು ತಾನಾಗಿ ನಿಷ್ಕ್ರಿಯವಾಗುತ್ತದೆ, ಲಾಗಿನ್ ಮತ್ತೆ ತೆರೆಯುತ್ತದೆ.