ಲಂಡನ್ನಿನಲ್ಲಿ ನಗಲು ಒಂದು ಸಂಜೆ: ಕಾಮಿಡಿ ಸ್ಟೋರ್, ಬಿಲ್ ಮರ್ರೆ, ಸೋಹೊ ಥಿಯೇಟರ್

ಲಂಡನ್ನಿನಲ್ಲಿ ಸ್ಟ್ಯಾಂಡ್-ಅಪ್ ಕಾಮಿಡಿ ನೋಡಲು ಒಂದು ಸಂಜೆಯನ್ನು ಮೀಸಲಿಡುವವರಿಗೆ ಮುಖ್ಯವಾಗಿ ಮೂರು ಆಯ್ಕೆಗಳಿವೆ. ಪಿಕಡಿಲಿ ಸರ್ಕಸ್ ಪಕ್ಕದ ಕಾಮಿಡಿ ಸ್ಟೋರ್ ಎಂಬ ಕ್ಲಬ್ಬಿಗೆ ಹೋದರೆ ಒಂದೇ ರಾತ್ರಿಯಲ್ಲಿ ನಾಲ್ಕೈದು ಮಂದಿ ಹಾಸ್ಯಗಾರರನ್ನು ಕೇಳಬಹುದು. ಇಸ್ಲಿಂಗ್ಟನ್ನಿನ ಬಿಲ್ ಮರ್ರೆ ಪಬ್ಬಿಗೆ ಹೋದರೆ ಇನ್ನೂ ತಿದ್ದಿ ಮುಗಿಸದ ಹಾಸ್ಯವನ್ನು ಕಡಿಮೆ ಖರ್ಚಿನಲ್ಲಿ, ಕೈಯಳತೆಯ ದೂರದಲ್ಲಿ ಕುಳಿತು ಕೇಳಬಹುದು. ಡೀನ್ ಸ್ಟ್ರೀಟಿನ ಸೋಹೊ ಥಿಯೇಟರ್‌ನಲ್ಲಾದರೆ ಒಬ್ಬರೇ ಹಾಸ್ಯಗಾರರು ಸುಮಾರು ಒಂದು ಗಂಟೆ ವೇದಿಕೆಯ ಮೇಲಿರುತ್ತಾರೆ. ಕೆಲಸದ ನಿಮಿತ್ತ ಈ ಊರಿನಲ್ಲಿ ನೆಲೆಸಿದ ಮೇಲೆ ಮೂರನ್ನೂ ನಾನು ಬೇರೆ ಬೇರೆ ಜೊತೆಗಾರರೊಂದಿಗೆ ನೋಡಿದ್ದೇನೆ. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತು, ಕಚೇರಿಯಲ್ಲಿ ಬಳಸಿ, ಮನೆಗೆ ಬಂದ ಮೇಲೆ ಕನ್ನಡದಲ್ಲೇ ನಗುವ ನಮ್ಮಂಥವರಿಗೆ ಯಾವುದು ಹೊಂದುತ್ತದೆ ಎಂಬುದು ಹಾಸ್ಯಗಾರರ ಖ್ಯಾತಿಗಿಂತ ಹೆಚ್ಚಾಗಿ ಆ ಸಂಜೆಯನ್ನು ಕಟ್ಟಿದ ರೀತಿಯ ಮೇಲೆ ನಿಂತಿದೆ ಎಂದು ನನಗೆ ತೋರಿದೆ.

ಇತಿಹಾಸದ ತೂಕ ಇರುವುದು ಕಾಮಿಡಿ ಸ್ಟೋರ್‌ಗೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1972ರಲ್ಲಿ ಆರಂಭವಾಗಿದ್ದ ಅದೇ ಹೆಸರಿನ ಕ್ಲಬ್ಬಿನಿಂದ ಸ್ಫೂರ್ತಿ ಪಡೆದು ಪೀಟರ್ ರೋಸೆನ್‌ಗಾರ್ಡ್ ಮತ್ತು ಡಾನ್ ವಾರ್ಡ್ ಎಂಬಿಬ್ಬರು 1979ರ ಮೇ ತಿಂಗಳಿನಲ್ಲಿ ಸೋಹೊದ ಒಂದು ನಗ್ನನೃತ್ಯದ ಕ್ಲಬ್ಬಿನ ಮೇಲ್ಮಹಡಿಯಲ್ಲಿ ಇದನ್ನು ತೆರೆದರು. ಅಲ್ಲಿಯವರೆಗೆ ಇಂಗ್ಲೆಂಡಿನ ಕಾರ್ಮಿಕರ ಕ್ಲಬ್ಬುಗಳಲ್ಲಿ ಅತ್ತೆಯನ್ನೋ, ಐರಿಷ್ ಜನರನ್ನೋ, ನಮ್ಮ ಕಡೆಯಿಂದ ವಲಸೆ ಹೋದವರನ್ನೋ ಹೀಯಾಳಿಸಿ ನಗಿಸುವುದೇ ವಾಡಿಕೆಯಾಗಿತ್ತು. ಕಾಮಿಡಿ ಸ್ಟೋರ್‌ನ ಮೊದಲ ನಿರೂಪಕ ಅಲೆಕ್ಸಿ ಸೇಲ್ ಮತ್ತು ಆ ಪೀಳಿಗೆಯ ರಿಕ್ ಮೇಯಲ್, ಬೆನ್ ಎಲ್ಟನ್ ಮುಂತಾದವರು ಜನಾಂಗದ್ವೇಷವನ್ನೂ ಹೆಂಗಸರ ಗೇಲಿಯನ್ನೂ ಬದಿಗಿಟ್ಟು ರಾಜಕೀಯ ಮತ್ತು ದೈನಂದಿನ ಬದುಕಿನ ಅಸಂಬದ್ಧತೆಯ ಕಡೆಗೆ ಹಾಸ್ಯವನ್ನು ತಿರುಗಿಸಿದರು. ಇಂದು ರೋಮೇಶ್ ರಂಗನಾಥನ್, ನಿಶ್ ಕುಮಾರ್, ಸಿಂಧು ವೀ ಮೊದಲಾದ ದಕ್ಷಿಣ ಏಷ್ಯಾ ಮೂಲದವರು ಇಂಗ್ಲಿಷ್ ಹಾಸ್ಯದ ಮುನ್ನೆಲೆಯಲ್ಲಿರುವುದಕ್ಕೆ ಆಗ ಬದಲಾದ ಆ ಗಾಳಿಯೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

1993ರಿಂದ ಈ ಕ್ಲಬ್ ಆಕ್ಸೆಂಡನ್ ಸ್ಟ್ರೀಟಿನ ನೆಲಮಾಳಿಗೆಯಲ್ಲಿದೆ. ಸುಮಾರು 400 ಮಂದಿ ಕೂರಬಹುದಾದ ಸಭಾಂಗಣದಲ್ಲಿ ಆಸನಗಳು ವೇದಿಕೆಯನ್ನು ಅರ್ಧವೃತ್ತದಲ್ಲಿ ಬಳಸಿಕೊಂಡಿರುವುದರಿಂದ ಹಿಂದಿನ ಸಾಲಿನವರಿಗೂ ಹಾಸ್ಯಗಾರರ ಹುಬ್ಬು ಏರುವುದು ಕಾಣುತ್ತದೆ. ವಾರಾಂತ್ಯದ ಕಾರ್ಯಕ್ರಮದ ಚೌಕಟ್ಟು ಸರಳವಾದದ್ದು: ನಿರೂಪಕರು ಬಂದು ಮುಂದಿನ ಸಾಲಿನವರನ್ನು ಮಾತಿಗೆಳೆದು ಸಭೆಯನ್ನು ಹದಕ್ಕೆ ತರುತ್ತಾರೆ, ಆಮೇಲೆ ಒಬ್ಬೊಬ್ಬರಿಗೆ ಸುಮಾರು ಇಪ್ಪತ್ತು ನಿಮಿಷ, ನಡುವೆ ವಿರಾಮ. ಇಲ್ಲಿಗೆ ಬರುವವರು ಆಗಲೇ ನೂರಾರು ವೇದಿಕೆಗಳಲ್ಲಿ ಪಳಗಿದವರಾದ ಕಾರಣ ಪೂರಾ ನೀರಸವಾದ ರಾತ್ರಿ ಎನ್ನುವುದು ಬಹಳ ಅಪರೂಪ, ಮತ್ತು ಕೊಟ್ಟ ದುಡ್ಡಿಗೆ ಮೋಸವಿಲ್ಲ ಎನ್ನುವ ಭರವಸೆ ಈ ಮೂರರಲ್ಲಿ ಇಲ್ಲಿಯೇ ಹೆಚ್ಚು.

ಆದರೆ ಆ ಇಪ್ಪತ್ತು ನಿಮಿಷಗಳಲ್ಲೇ ಹೊರಗಿನವರಿಗೆ ಕಷ್ಟವಿರುವುದು. ಸಮಯ ಕಡಿಮೆಯಾದ್ದರಿಂದ ಹಾಸ್ಯಗಾರರು ಪ್ರೇಕ್ಷಕರಿಗೆ ಮೊದಲೇ ಗೊತ್ತಿರುವ ಸಂಗತಿಗಳ ಮೇಲೆ ಕಾಲಿಟ್ಟು ಓಡುತ್ತಾರೆ; ವಿವರಿಸಲು ಪುರಸೊತ್ತು ಇರುವುದಿಲ್ಲ. ಯಾರೋ ತನ್ನ ಭಾವಿ ಮಾವನ ಮನೆಯ ಫ್ರಿಜ್ಜಿನಲ್ಲಿರುವುದೆಲ್ಲ ವೇಟ್‌ರೋಸ್ ಅಂಗಡಿಯದು, ತನ್ನ ಮನೆಯದೆಲ್ಲ ಲಿಡ್ಲ್ ಅಂಗಡಿಯದು ಎಂದಷ್ಟೇ ಹೇಳಿದಾಗ ಇಡೀ ಸಭೆ ಗೊಳ್ಳೆಂದು ನಕ್ಕಿತು. ಮೊದಲನೆಯದು ಉಳ್ಳವರ ದುಬಾರಿ ಅಂಗಡಿ, ಎರಡನೆಯದು ಅಗ್ಗದ್ದು, ಆ ಎರಡರ ನಡುವೆ ಈ ದೇಶದ ವರ್ಗವ್ಯವಸ್ಥೆ ಪೂರ್ತಿ ಅಡಗಿದೆ ಎಂಬುದು ನನಗೆ ಹೊಳೆಯುವ ಹೊತ್ತಿಗೆ ಅವರು ಮುಂದಿನ ವಿಷಯವನ್ನೂ ಮುಗಿಸಿದ್ದರು. ವಾರಕ್ಕೊಮ್ಮೆ ಸಾಮಾನು ತರುವ ಜವಾಬ್ದಾರಿ ಹೊತ್ತಿರುವ ನನ್ನ ಹೆಂಡತಿ ಮಾತ್ರ ಸಭೆಯ ಜೊತೆಗೇ ನಕ್ಕಿದ್ದಳು. ಎಸೆಕ್ಸ್ ಜನರ ಬಗೆಗಿನ ಗೇಲಿ, ಗ್ಲಾಸ್ಗೋದ ಉಚ್ಚಾರಣೆ, ಉತ್ತರದವರು ದಕ್ಷಿಣದವರನ್ನು ಕಿಚಾಯಿಸುವ ಬಗೆ ಇವೆಲ್ಲವೂ ಇಂಥವೇ. ಧಾರವಾಡದ ಕಡೆಯವರ ಮಾತಿನ ಧಾಟಿಯನ್ನು ಮೈಸೂರಿನ ವೇದಿಕೆಯಲ್ಲಿ ಯಾರಾದರೂ ಅನುಕರಿಸಿದರೆ ನಮಗೆ ವಿವರಣೆ ಬೇಕಾಗುವುದಿಲ್ಲವಷ್ಟೆ. ಆದ್ದರಿಂದ ಈ ಊರಿಗೆ ಬಂದು ಎರಡು ಮೂರು ವರ್ಷವಾದವರಿಗೆ ಕಾಮಿಡಿ ಸ್ಟೋರ್ ಕೊಡುವ ಸಂತೋಷವನ್ನು ನಿನ್ನೆ ಹೀಥ್ರೋದಲ್ಲಿ ಇಳಿದವರಿಗೂ ಕೊಡುತ್ತದೆ ಎಂದು ಹೇಳಲಾರೆ.

ಇದೇ ಕ್ಲಬ್ಬಿನ ಭಾನುವಾರದ ಕಾರ್ಯಕ್ರಮ ಮಾತ್ರ ಬೇರೆಯೇ ಜಾತಿಯದು. 1985ರಿಂದ ನಡೆದುಬಂದಿರುವ ಕಾಮಿಡಿ ಸ್ಟೋರ್ ಪ್ಲೇಯರ್ಸ್ ತಂಡವು ಬರೆದ ಸಂಭಾಷಣೆಯೇ ಇಲ್ಲದೆ, ಪ್ರೇಕ್ಷಕರು ಕೂಗಿ ಹೇಳಿದ ಊರು, ವೃತ್ತಿ, ವಸ್ತುಗಳನ್ನು ಇಟ್ಟುಕೊಂಡು ಸ್ಥಳದಲ್ಲೇ ಪ್ರಹಸನ ಕಟ್ಟುತ್ತದೆ. ಮುಂದೆ ಹಾಲಿವುಡ್‌ಗೆ ಹೋದ ಮೈಕ್ ಮೈಯರ್ಸ್ ಇದರ ಸ್ಥಾಪಕರಲ್ಲೊಬ್ಬರು. ಪಾಲ್ ಮರ್ಟನ್, ಜೋಸಿ ಲಾರೆನ್ಸ್ ಅವರಂಥವರು ದಶಕಗಳ ಕಾಲ ಇದರಲ್ಲಿ ಆಡಿದ್ದಾರೆ. ಮೈಕೈಗಳ ಆಟ ಹೆಚ್ಚಿರುವುದರಿಂದ ಮತ್ತು ಸಂದರ್ಭವು ನಮ್ಮ ಕಣ್ಣೆದುರೇ ಹುಟ್ಟುವುದರಿಂದ ಸ್ಥಳೀಯ ಜ್ಞಾನ ಅಷ್ಟಾಗಿ ಬೇಕಾಗುವುದಿಲ್ಲ. ಪ್ರಾಸಬದ್ಧವಾಗಿ ಹಾಡು ಕಟ್ಟುವ ಭಾಗದಲ್ಲಿ ಮಾತ್ರ ಕಿವಿ ಸ್ವಲ್ಪ ಹಿಂದೆ ಬೀಳುತ್ತದೆ. ತಿಂಗಳ ಕೊನೆಯ ಸೋಮವಾರ ನಡೆಯುವ ಕಿಂಗ್ ಗಾಂಗ್ ಎಂಬ ಹೊಸಬರ ಸ್ಪರ್ಧೆಯೂ ಪ್ರಸಿದ್ಧವಾದದ್ದೇ. ಪ್ರೇಕ್ಷಕರಲ್ಲಿ ಮೂವರಿಗೆ ಕಾರ್ಡುಗಳನ್ನು ಕೊಟ್ಟಿರುತ್ತಾರೆ. ಮೂರೂ ಮೇಲೆದ್ದರೆ ಜಾಗಟೆ ಬಾರಿಸಿ ಸ್ಪರ್ಧಿಯನ್ನು ಕೆಳಗಿಳಿಸುತ್ತಾರೆ. ಐದು ನಿಮಿಷ ನಿಂತವರೇ ಗೆದ್ದವರು. ಎಷ್ಟೋ ಮಂದಿ ಒಂದು ನಿಮಿಷವೂ ಬಾಳದಿರುವುದನ್ನು ನೋಡಿ ನಗುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಜೊತೆಗಿದ್ದ ಕಚೇರಿಯ ಹುಡುಗರಿಗೆ ಅದೇ ಎಲ್ಲಕ್ಕಿಂತ ಇಷ್ಟವಾಯಿತು.

ಬಿಲ್ ಮರ್ರೆಯ ಲೆಕ್ಕವೇ ಬೇರೆ. ಬ್ಯಾರಿ ಫರ್ನ್ಸ್ ಎಂಬ ಹಾಸ್ಯಗಾರರು ಇಸ್ಲಿಂಗ್ಟನ್ನಿನ ಕ್ಯಾಮ್ಡನ್ ಹೆಡ್ ಪಬ್ಬಿನ ಮೇಲ್ಮಹಡಿಯಲ್ಲಿ ಏಂಜೆಲ್ ಕಾಮಿಡಿ ಎಂಬ ಹೆಸರಿನಲ್ಲಿ ಉಚಿತ ಹಾಸ್ಯಸಂಜೆಗಳನ್ನು ನಡೆಸುತ್ತಿದ್ದರು. 2016ರಲ್ಲಿ, ಜನರಿಂದಲೂ ಹಣ ಸಂಗ್ರಹಿಸಿ, ಅದೇ ಬಳಗವು ಈ ಪಬ್ಬನ್ನು ಹಾಸ್ಯಕ್ಕೆಂದೇ ತೆರೆಯಿತು. ಕೆಲವು ರಾತ್ರಿಗಳಿಗೆ ಟಿಕೆಟ್ಟೇ ಇರುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಬಳಿ ಬಕೆಟ್ ಹಿಡಿದು ನಿಂತವರಿಗೆ ಮನಸ್ಸಿಗೆ ಬಂದಷ್ಟು ಹಾಕಿ ಹೊರಡಬೇಕು. ಆ ಬಕೆಟ್ಟಿನೆದುರು ಐದು ಪೌಂಡ್ ಹಾಕುವುದೋ ಹತ್ತು ಹಾಕುವುದೋ ಎಂಬ ಸಂಕೋಚದಲ್ಲಿ ಮುಂದಿನವರ ಕೈಯನ್ನು ಓರೆಗಣ್ಣಿನಿಂದ ನೋಡುವುದು, ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಹತ್ತಿರ ಬಂದಾಗ ನಾವು ಮಾಡುವುದಕ್ಕಿಂತ ಬೇರೆಯೇನಲ್ಲ.

ಈ ಜಾಗದ ನಿಜವಾದ ಬೆಲೆ ತಿಳಿಯುವುದು ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ. 1947ರಲ್ಲಿ ಮೊದಲಾದ, ಸ್ಕಾಟ್ಲೆಂಡಿನ ಎಡಿನ್‌ಬರಾ ಫ್ರಿಂಜ್ ಎಂಬ ರಂಗಕಲೆಗಳ ಉತ್ಸವವು ಪ್ರತಿವರ್ಷ ಆಗಸ್ಟಿನಲ್ಲಿ ನಡೆಯುವುದರಿಂದ, ಅಲ್ಲಿಗೆ ಹೊಸ ಪ್ರದರ್ಶನ ಒಯ್ಯುವವರು ಅದಕ್ಕೂ ಮೊದಲು ಇಂಥ ಸಣ್ಣ ಕೋಣೆಗಳಲ್ಲಿ ಅದನ್ನು ಪರೀಕ್ಷಿಸುತ್ತಾರೆ. ಟಿವಿಯಲ್ಲಿ ಕೋಟು ತೊಟ್ಟು ಕಾಣಿಸಿಕೊಳ್ಳುವವರು ಇಲ್ಲಿ ಮಾಸಿದ ಟೀ-ಶರ್ಟಿನಲ್ಲಿ ಬಂದು, ಸ್ಟೂಲಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಒಂದು ಮಾತಿಗೆ ನಗು ಬಾರದಿದ್ದರೆ ಅಲ್ಲೇ ಅದರ ಮೇಲೆ ಗೀಟು ಎಳೆಯುತ್ತಾರೆ. ನಾನು ನೋಡಿದ ಒಂದು ಸಂಜೆ ಹಾಸ್ಯಗಾರ್ತಿಯೊಬ್ಬರು ತಮ್ಮ ತಾಯಿಯ ಶ್ರವಣಯಂತ್ರದ ಕಥೆಯನ್ನು ಹೇಳಿ, ನಿರೀಕ್ಷಿಸಿದ ನಗು ಬಾರದಿದ್ದಾಗ ಒಂದು ಕ್ಷಣ ಪುಟವನ್ನೇ ದಿಟ್ಟಿಸಿ, ಅದೇ ಕಥೆಯನ್ನು ಕೊನೆಯಿಂದ ಮೊದಲಿಗೆ ತಿರುಗಿಸಿ ಹೇಳಿದರು. ಈ ಸಲ ಕೋಣೆಯೆಲ್ಲ ನಕ್ಕಿತು, ಅವರು ಪೆನ್ನು ತೆಗೆದು ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡರು. ಹಾಸ್ಯವು ಎಷ್ಟು ಲೆಕ್ಕಾಚಾರದ ಕಸುಬು ಎಂಬುದು ಕಾಮಿಡಿ ಸ್ಟೋರ್‌ನ ಹೊಳಪಿನಲ್ಲಿ ಕಾಣಸಿಗುವುದಿಲ್ಲ. ಇಷ್ಟೆಲ್ಲ ಹೇಳಿದರೂ, ಲಂಡನ್ನಿನಲ್ಲಿ ಒಂದೇ ಸಂಜೆ ಕೈಯಲ್ಲಿರುವವರನ್ನು ನಾನು ಇಲ್ಲಿಗೆ ಕಳುಹಿಸುವುದಿಲ್ಲ. ಅರ್ಧ ಗಂಟೆ ಯಾರೂ ನಗದೆ ಕುಳಿತಿರುವ ಸಾಧ್ಯತೆ ಇಲ್ಲಿ ಇದ್ದೇ ಇದೆ, ಮತ್ತು ಅದನ್ನು ಸಹಿಸುವುದೂ ಈ ವ್ಯವಹಾರದ ಒಂದು ಭಾಗ.

ಮುಂದಿನ ಸಾಲಿನ ವಿಷಯವನ್ನು ಇಲ್ಲಿ ಹೇಳಬೇಕು, ಏಕೆಂದರೆ ನಮ್ಮವರಲ್ಲಿ ಅನೇಕರು ಹೆದರುವುದು ಅದಕ್ಕೇ. ನಮ್ಮ ಭಾವನವರು ಹುಬ್ಬಳ್ಳಿಯಿಂದ ಬಂದಿದ್ದಾಗ ಒಂದು ಸಣ್ಣ ಕ್ಲಬ್ಬಿನಲ್ಲಿ ಬೇರೆ ಕುರ್ಚಿಗಳಿಲ್ಲದೆ ನಾವು ವೇದಿಕೆಯ ಬುಡದಲ್ಲೇ ಕೂರಬೇಕಾಯಿತು. ನಿರೂಪಕರು ನೇರವಾಗಿ ಅವರತ್ತ ಬಾಗಿ ಏನು ಕೆಲಸ ಎಂದು ಕೇಳಿದರು. ವಿದ್ಯುತ್ ಮಂಡಳಿಯ ನಿವೃತ್ತ ಇಂಜಿನಿಯರ್ ಎಂದು ಭಾವನವರು ಗಂಭೀರವಾಗಿ ಉತ್ತರಿಸಿದರು. “ಹಾಗಾದರೆ ನಲವತ್ತು ವರ್ಷ ಜನರ ಮನೆಯ ದೀಪ ಆರಿಸುವುದೇ ಕೆಲಸವಾಗಿತ್ತೇ?” ಎಂದು ಅವರು ಕೆಣಕಿದರೆ, ಭಾವನವರು ಒಂದಿಷ್ಟೂ ನಗದೆ, “ಹೌದು, ಬಿಲ್ ಕಟ್ಟದವರದ್ದು ಮಾತ್ರ” ಎಂದರು. ಆ ರಾತ್ರಿ ಅದಕ್ಕಿಂತ ದೊಡ್ಡ ನಗು ವೇದಿಕೆಯಿಂದ ಹುಟ್ಟಲಿಲ್ಲ. ನಿರೂಪಕರ ಪ್ರಶ್ನೆಗೆ ಸತ್ಯವನ್ನು ಚಿಕ್ಕದಾಗಿ ಹೇಳಿದರೆ ಸಾಕು. ಚತುರರಾಗಲು ಹೊರಟು ಉದ್ದುದ್ದ ಉತ್ತರ ಕೊಡುವವರನ್ನೇ ಅವರು ಹಿಡಿದು ಅರೆಯುವುದು. ಅಂಥ ಮಾತುಕತೆ ಬೇಡವೇ ಬೇಡ ಎನ್ನುವವರು ಮೂರನೆಯ ಸಾಲಿನಿಂದ ಹಿಂದೆ, ನಡುದಾರಿಯಿಂದ ದೂರ ಕುಳಿತರೆ ಸುರಕ್ಷಿತ.

ನನ್ನ ಸ್ವಂತ ಒಲವು ಸೋಹೊ ಥಿಯೇಟರ್ ಕಡೆಗಿದೆ. 2000ದಲ್ಲಿ ಡೀನ್ ಸ್ಟ್ರೀಟಿನಲ್ಲಿ ಆರಂಭವಾದ ಈ ಕಟ್ಟಡದಲ್ಲಿ ಮೂರು ರಂಗಸ್ಥಳಗಳಿವೆ. ನೆಲಮಾಳಿಗೆಯದು ಮೇಜು ಕುರ್ಚಿಗಳ ಕ್ಯಾಬರೆ ಮಾದರಿಯದು. ನಿರೂಪಕರ ಪೀಠಿಕೆಯಿಲ್ಲ, ಸಾಮಾನ್ಯವಾಗಿ ವಿರಾಮವೂ ಇಲ್ಲ. ಒಬ್ಬರು, ಒಂದು ಮೈಕು, ಸುಮಾರು ಒಂದು ಗಂಟೆ. ಆ ಗಂಟೆಯ ಮೊದಲ ಹತ್ತು ನಿಮಿಷಗಳಲ್ಲಿ ಹಾಸ್ಯಗಾರರು ತಮ್ಮ ಮನೆ, ಊರು, ಅಪ್ಪ, ಅಮ್ಮ, ಕೈಕೊಟ್ಟ ಪ್ರೇಮ ಎಲ್ಲವನ್ನೂ ತಾವೇ ಪರಿಚಯಿಸಿಕೊಡುತ್ತಾರೆ. ನಲವತ್ತನೆಯ ನಿಮಿಷದಲ್ಲಿ ಆ ಅಪ್ಪನ ಒಂದು ಮಾತು ಮತ್ತೆ ಬಂದಾಗ ಲಂಡನ್ನಿನಲ್ಲಿ ಹುಟ್ಟಿದವರೂ ನಾವೂ ಒಟ್ಟಿಗೇ ನಗುತ್ತೇವೆ, ಏಕೆಂದರೆ ಆ ಅಪ್ಪ ಇಬ್ಬರಿಗೂ ಪರಿಚಯವಾದದ್ದು ಆ ಸಂಜೆಯೇ. ಕಿವಿಗೂ ಉಚ್ಚಾರಣೆ ಅಷ್ಟರಲ್ಲಿ ಒಗ್ಗಿರುತ್ತದೆ. ನಾಲ್ಕೈದು ಮಂದಿಯ ಸಂಜೆಯಲ್ಲಿ ಒಬ್ಬರ ಧಾಟಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ. ಇನ್ನೊಂದು ಕಾರಣ ನಮ್ಮ ರೂಢಿಯಲ್ಲೇ ಇದೆ. ಗಂಗಾವತಿ ಪ್ರಾಣೇಶ್ ಅಥವಾ ಪ್ರೊ. ಕೃಷ್ಣೇಗೌಡರ ಹಾಸ್ಯಭಾಷಣಗಳನ್ನು ಕೇಳಿ ಬೆಳೆದವರಿಗೆ ಒಬ್ಬರೇ ನಿಂತು ನೆನಪಿನಿಂದ ನೆನಪಿಗೆ ದಾಟುತ್ತ, ನಡುವೆ ಒಂದು ಗಂಭೀರ ಮಾತನ್ನೂ ಹೇಳಿ, ಮತ್ತೆ ನಗೆಗೆ ಮರಳುವ ಕ್ರಮ ಹೊಸದಲ್ಲ. ವೀರ್ ದಾಸ್, ಅದಿತಿ ಮಿತ್ತಲ್, ಅನುವಬ್ ಪಾಲ್ ಅವರಂಥ ಭಾರತೀಯರೂ ಇಲ್ಲಿ ಪ್ರದರ್ಶನ ನೀಡಿದ್ದಾರೆ. ಅಂಥ ರಾತ್ರಿಗಳಲ್ಲಿ ಸಭೆಯ ಅರ್ಧ ಭಾಗ ಮೊದಲು ನಕ್ಕು ಉಳಿದರ್ಧ ಆಮೇಲೆ ನಗುವುದನ್ನು, ಅಂದರೆ ವೇಟ್‌ರೋಸ್ ರಾತ್ರಿಯ ನನ್ನ ಪಾಡು ಈಗ ಇಂಗ್ಲಿಷರದಾಗಿರುವುದನ್ನು, ನೋಡುವುದರಲ್ಲಿ ಒಂದು ಬಗೆಯ ಸಣ್ಣತನದ ಸಂತೋಷವೂ ಇದೆ. ಇಲ್ಲಿ ಎಚ್ಚರಿಕೆ ಒಂದೇ: ಆ ಒಬ್ಬರು ಹಿಡಿಸದಿದ್ದರೆ ಕಾಯುವುದಕ್ಕೆ ಇನ್ನೊಬ್ಬರಿರುವುದಿಲ್ಲ. ಟಿಕೆಟ್ ಕೊಳ್ಳುವ ಮೊದಲು ಯೂಟ್ಯೂಬ್‌ನಲ್ಲಿ ಅವರ ಐದು ನಿಮಿಷದ ತುಣುಕನ್ನಾದರೂ ನೋಡಿಕೊಳ್ಳುವುದು ಒಳ್ಳೆಯದು. ಎಡಿನ್‌ಬರಾದಲ್ಲಿ ಹೆಸರು ಮಾಡಿದ ಪ್ರದರ್ಶನಗಳು ಶರತ್ಕಾಲದಿಂದ ಇಲ್ಲಿಗೆ ಬರತೊಡಗುವುದರಿಂದ ಸೆಪ್ಟೆಂಬರ್ ನಂತರದ ತಿಂಗಳುಗಳೇ ಹೆಚ್ಚು ಫಲಕಾರಿ.

ಲೆಸ್ಟರ್ ಸ್ಕ್ವೇರ್ ಸುತ್ತ ರಸ್ತೆಯಲ್ಲೇ ನಿಂತು, ಇಂದು ರಾತ್ರಿ ಟಿವಿಯ ದೊಡ್ಡ ಹೆಸರೊಂದು ಬರುತ್ತದೆ ಎಂದು ಹೇಳಿ ಟಿಕೆಟ್ ಮಾರುವವರ ಕೈಗೆ ಒಮ್ಮೆ ನಾವು ಸಿಕ್ಕಿದ್ದೆವು. ಆ ಹೆಸರು ಬರಲಿಲ್ಲ, ಅದರ ಬಗ್ಗೆ ಯಾರೂ ಏನೂ ಹೇಳಲೂ ಇಲ್ಲ. ಆ ಬಗೆಯ ಟಿಕೆಟ್ಟನ್ನು ಈ ಹೋಲಿಕೆಗೆ ಸೇರಿಸಬೇಕಾಗಿಲ್ಲ.

ಖರ್ಚಿನ ಮಾತಿಗೆ ಬಂದರೆ ಲಂಡನ್ ನ್ಯೂಯಾರ್ಕಿಗಿಂತ ಸರಳ. ಅಲ್ಲಿಯ ಮ್ಯಾಕ್‌ಡೂಗಲ್ ಸ್ಟ್ರೀಟಿನಲ್ಲಿ 1982ರಿಂದ ನಡೆಯುತ್ತಿರುವ ಕಾಮಿಡಿ ಸೆಲ್ಲರ್‌ನಲ್ಲಿ ಪ್ರವೇಶಶುಲ್ಕದ ಮೇಲೆ ತಲೆಗೆ ಕನಿಷ್ಠ ಎರಡು ಪದಾರ್ಥಗಳನ್ನೋ ಪಾನೀಯಗಳನ್ನೋ ಕೊಳ್ಳಲೇಬೇಕು, ಅದರ ಮೇಲೆ ಟಿಪ್ಸ್ ಬೇರೆ. ಇಲ್ಲಿ ನಾನು ಹೋದ ಕಡೆಗಳಲ್ಲಿ ಅಂಥ ಕಡ್ಡಾಯ ಇರಲಿಲ್ಲ. ಒಂದು ನಿಂಬೆ ಸೋಡಾ ಹಿಡಿದು ಇಡೀ ರಾತ್ರಿ ಕುಳಿತರೂ ಯಾರೂ ಮುಖ ಗಂಟಿಕ್ಕಲಿಲ್ಲ.

ತಂದೆತಾಯಿಯರನ್ನು ಕರೆದೊಯ್ಯುವವರು ಒಂದನ್ನು ಯೋಚಿಸಬೇಕು: ಮೂರೂ ಕಡೆ ಬೈಗುಳ ಮತ್ತು ಮಲಗುವ ಕೋಣೆಯ ವಿಷಯಗಳು ಧಾರಾಳವಾಗಿ ಬರುತ್ತವೆ. ಕಾಮಿಡಿ ಸ್ಟೋರ್‌ಗೆ 18 ತುಂಬಿದವರಿಗೆ ಮಾತ್ರ ಪ್ರವೇಶ; ಸೋಹೊದಲ್ಲಿ ವಯಸ್ಸಿನ ಸೂಚನೆ ಪ್ರದರ್ಶನದಿಂದ ಪ್ರದರ್ಶನಕ್ಕೆ ಬದಲಾಗುತ್ತದೆ. ಹಿರಿಯರೊಂದಿಗೆ ಹೋಗುವುದಾದರೆ ನಾನು ಭಾನುವಾರದ ಪ್ಲೇಯರ್ಸ್ ತಂಡವನ್ನೇ ಆರಿಸುತ್ತೇನೆ. ಗೆಳೆಯರ ಗುಂಪಿಗೆ ಶುಕ್ರವಾರದ ಕಾಮಿಡಿ ಸ್ಟೋರ್. ಹೆಂಡತಿಯೊಂದಿಗೆ ಅಥವಾ ಒಬ್ಬನೇ ಹೋಗುವುದಾದರೆ ಸೋಹೊ.

ಮರಳುವ ದಾರಿಯನ್ನು ಟಿಕೆಟ್ ಕೊಳ್ಳುವಾಗಲೇ ನೋಡಿಕೊಳ್ಳುವುದು ಮೇಲು. ಶುಕ್ರವಾರ ಮತ್ತು ಶನಿವಾರ ರಾತ್ರಿಯಿಡೀ ಓಡುವ ನೈಟ್ ಟ್ಯೂಬ್ ಎಂಬ ಸುರಂಗ ರೈಲಿಗೆ ಪಿಕಡಿಲಿ ಸರ್ಕಸ್, ಲೆಸ್ಟರ್ ಸ್ಕ್ವೇರ್ ಹಾಗೂ ಸೋಹೊ ಥಿಯೇಟರ್‌ಗೆ ಹತ್ತಿರದ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ನಿಲ್ದಾಣಗಳು ಸಿಗುತ್ತವೆ. ಬಿಲ್ ಮರ್ರೆಗೆ ಹತ್ತಿರದ ಏಂಜೆಲ್ ನಿಲ್ದಾಣವು ನಾರ್ದರ್ನ್ ಲೈನಿನಲ್ಲಿ ನೈಟ್ ಟ್ಯೂಬ್ ಓಡದ ಬ್ಯಾಂಕ್ ಎಂಬ ಕವಲಿನಲ್ಲಿರುವುದರಿಂದ ಅಲ್ಲಿ ಅದು ನಿಲ್ಲುವುದಿಲ್ಲ. ತಡವಾದರೆ ಅಪ್ಪರ್ ಸ್ಟ್ರೀಟಿನುದ್ದಕ್ಕೂ ಹೈಬರಿ ಆಂಡ್ ಇಸ್ಲಿಂಗ್ಟನ್‌ವರೆಗೆ ನಡೆದು ವಿಕ್ಟೋರಿಯಾ ಲೈನ್ ಹಿಡಿಯಬೇಕು, ಇಲ್ಲವೇ ರಾತ್ರಿ ಬಸ್ಸಿಗೆ ಕಾಯಬೇಕು.