ಥ್ರೆಡ್ ಕೋಡ್‌ಗೆ ರಸ್ಟ್: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಎರಡು ಥ್ರೆಡ್‌ಗಳು (ಒಂದೇ ಪ್ರೋಗ್ರಾಮ್‌ನಲ್ಲಿ ಜೊತೆಜೊತೆಗೆ ಓಡುವ ಎಳೆಗಳು) ಒಂದೇ ಡೇಟಾ ಮುಟ್ಟಿ ಆಗುವ ರೇಸನ್ನು ಕಂಪೈಲ್ ಹೊತ್ತಿಗೇ ತಡೆಯುತ್ತೇನೆ ಎಂಬುದು ರಸ್ಟ್ ಪ್ರೋಗ್ರಾಮಿಂಗ್ ಭಾಷೆ ಕೊಡುವ ಮಾತು. ಅನ್‌ಸೇಫ್ (ಸುರಕ್ಷತೆಯ ಹೊಣೆಯನ್ನು ಕಂಪೈಲರ್ ಬದಲು ಬರೆಯುವವರೇ ಹೊರುವ ಭಾಗ) ಇಲ್ಲದ ಕೋಡ್‌ನಲ್ಲಿ ಆ ಮಾತನ್ನು ಉಳಿಸಿಕೊಂಡಿದೆ. ಡೆಡ್‌ಲಾಕ್ (ಥ್ರೆಡ್‌ಗಳು ಒಂದಕ್ಕೊಂದು ಕಾಯುತ್ತಾ ನಿಂತುಬಿಡುವುದು) ಬಗ್ಗೆ ಅದು ಮಾತೇ ಕೊಟ್ಟಿಲ್ಲ. ಹೊಸಬರು ಎಡವುವುದು ಇಲ್ಲೇ.

ಸೆಂಡ್ ಎಂಬ ಟ್ರೇಟ್ (ಟೈಪ್‌ಗಿರುವ ಗುಣದ ಗುರುತು) ಇದ್ದ ಟೈಪ್ ಮಾತ್ರ ಇನ್ನೊಂದು ಥ್ರೆಡ್‌ಗೆ ಹೋಗಬಹುದು. ಸಿಂಕ್ ಇದ್ದದ್ದನ್ನು ಮಾತ್ರ ಹಲವು ಥ್ರೆಡ್‌ಗಳು ರೆಫರೆನ್ಸ್ ಮೂಲಕ ಹಂಚಿಕೊಳ್ಳಬಹುದು. ಸ್ಟ್ರಕ್ಟ್‌ನ ಎಲ್ಲ ಫೀಲ್ಡ್‌ಗಳಿಗೂ ಇವು ಇದ್ದರೆ ಸ್ಟ್ರಕ್ಟ್‌ಗೂ ತಾವಾಗಿಯೇ ಬರುತ್ತವೆ. ಒಂದೇ ಮೌಲ್ಯಕ್ಕೆ ಎಷ್ಟು ಒಡೆಯರು ಎಂದು ಎಣಿಸಿಡುವ ಆರ್‌ಸಿ ತನ್ನ ಎಣಿಕೆಯನ್ನು ಅಟಾಮಿಕ್ ಆಗಿ (ನಡುವೆ ಬೇರೆ ಥ್ರೆಡ್ ನುಗ್ಗದಂತೆ) ಏರಿಸಿಳಿಸುವುದಿಲ್ಲ, ಹಾಗಾಗಿ ಅದಕ್ಕೆ ಸೆಂಡ್ ಇಲ್ಲ. ಆಳದಲ್ಲೆಲ್ಲೋ ಒಂದು ಆರ್‌ಸಿ ಉಳಿದಿದ್ದರೂ ಥ್ರೆಡ್ ಸ್ಪಾನ್ ಮಾಡುವ ಸಾಲಿನಲ್ಲಿ ಇ0277 ಎರರ್ ಬೀಳುತ್ತದೆ. ಗಾಬರಿಯಾಗದೆ ಅದರ ಕೆಳಗಿನ ನೋಟ್‌ಗಳನ್ನು ಓದಿ: ಯಾವ ಟೈಪ್‌ನೊಳಗಿಂದ ತೊಂದರೆ ಎಂಬುದು ಅಲ್ಲಿರುತ್ತದೆ. ಆರ್‌ಸಿಯನ್ನು ಆರ್ಕ್ (ಅಟಾಮಿಕ್ ಎಣಿಕೆಯ ಆರ್‌ಸಿ) ಮಾಡಿದರೆ ಸಾಮಾನ್ಯವಾಗಿ ಸಾಕು. ಒಳಗೆ ರೆಫ್‌ಸೆಲ್ (ಹಂಚಿಕೊಂಡ ಡೇಟಾವನ್ನೂ ಬದಲಿಸಲು ಬಿಡುವ ಟೈಪ್) ಇದ್ದರೆ ಅದೂ ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಲಾಕ್) ಆಗಬೇಕು.

ಮ್ಯೂಟೆಕ್ಸ್ ಡೇಟಾವನ್ನು ತನ್ನೊಳಗೇ ಇಟ್ಟುಕೊಳ್ಳುವುದು ಈ ವಿನ್ಯಾಸದಲ್ಲಿ ಎಲ್ಲಕ್ಕಿಂತ ಮೆಚ್ಚಬೇಕಾದದ್ದು. ಲಾಕ್ ಹಿಡಿಯದೆ ಡೇಟಾ ಕೈಗೆ ಸಿಗದು. ಆದರೆ ಗಾರ್ಡ್ (ಲಾಕ್ ಹಿಡಿದಾಗ ಸಿಗುವ, ಡ್ರಾಪ್ ಆದಾಗ ಲಾಕ್ ಬಿಡುವ ಮೌಲ್ಯ) ಯಾವಾಗ ಡ್ರಾಪ್ ಆಗುತ್ತದೆ ಎಂಬುದರ ಮೇಲೆ ಕಣ್ಣಿರಲಿ. ವರ್ಕರ್‌ಗಳು ಲಾಕ್‌ನೊಳಗಿಟ್ಟ ಒಂದೇ ರಿಸೀವರ್‌ನಿಂದ (ಚಾನಲ್‌ನ ಪಡೆಯುವ ತುದಿ) ಕೆಲಸ ಎತ್ತಿಕೊಳ್ಳುವಾಗ ‘ವೈಲ್ ಲೆಟ್’ ಸಾಲಿನಲ್ಲೇ ಲಾಕ್ ಹಿಡಿದು ರಿಸೀವ್ ಕರೆದರೆ, ಆ ತಾತ್ಕಾಲಿಕ ಗಾರ್ಡ್ ಬ್ಲಾಕ್ ಮುಗಿಯುವತನಕ ಬದುಕಿರುತ್ತದೆ. 8 ವರ್ಕರ್ ಇಟ್ಟರೂ ಕೆಲಸಗಳು ಒಂದರ ಹಿಂದೊಂದೇ ನಡೆಯುತ್ತವೆ. ಕಂಪೈಲರ್ ತುಟಿ ಬಿಚ್ಚುವುದಿಲ್ಲ. ‘ಲೂಪ್’ ಒಳಗೆ ಬೇರೆಯೇ ‘ಲೆಟ್’ ಸಾಲಿನಲ್ಲಿ ಕೆಲಸ ತೆಗೆದುಕೊಳ್ಳಿ, ಆ ಸಾಲಿನ ಸೆಮಿಕೋಲನ್‌ಗೇ ಲಾಕ್ ಬಿಡುತ್ತದೆ. ರಸ್ಟ್‌ನ 2024ರ ಎಡಿಷನ್‌ನಲ್ಲಿ ‘ಇಫ್ ಲೆಟ್’ನ ಗಾರ್ಡ್ ಎಲ್ಸ್‌ಗೆ ಮೊದಲೇ ಹೋಗುತ್ತದೆ, ವೈಲ್ ಲೆಟ್, ಮ್ಯಾಚ್ ಹಳೆಯ ಹಾಗೇ ಇವೆ.

2022ರಲ್ಲಿ ರಸ್ಟ್ 1.63ರ ಜೊತೆ ಬಂದ ಥ್ರೆಡ್ ಸ್ಕೋಪ್ ಬಹಳ ಉಪಕಾರಿ. ಆರ್ಕ್ ಇಲ್ಲದೆಯೇ ಲೋಕಲ್ ವೇರಿಯಬಲ್‌ಗಳನ್ನು ಥ್ರೆಡ್‌ಗಳಿಗೆ ಎರವಲು ಕೊಡಬಹುದು. ಇದರ ಹಳೆಯ ರೂಪವನ್ನು 2015ರಲ್ಲಿ, 1.0 ಬರುವ ಮುಂಚೆಯೇ ಕೈಬಿಡಬೇಕಾಯಿತು: ಜಾಯಿನ್ ಮಾಡಬೇಕಾದ (ಥ್ರೆಡ್ ಮುಗಿಯುವತನಕ ಕಾಯಬೇಕಾದ) ಗಾರ್ಡ್ ಡ್ರಾಪ್ ಆಗದೆ ಲೀಕ್ ಆದರೆ ಫಂಕ್ಷನ್ ಮುಗಿದ ಮೇಲೂ ಥ್ರೆಡ್ ಅದರ ಸ್ಟ್ಯಾಕ್ ಮುಟ್ಟಬಹುದಿತ್ತು. ಈಗ ಎಲ್ಲ ಥ್ರೆಡ್ ಜಾಯಿನ್ ಆಗದೆ ಸ್ಕೋಪ್ ಕರೆ ವಾಪಸಾಗುವುದೇ ಇಲ್ಲ.

ಸೆಂಡ್, ಸಿಂಕ್‌ಗಳನ್ನು ಕೈಯಾರೆ ‘ಅನ್‌ಸೇಫ್ ಇಂಪ್ಲ್’ ಬರೆಯುವವರು ನೂರು ಸಲ ಯೋಚಿಸಬೇಕು. ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಮ್ಯೂಟೆಕ್ಸ್‌ಗಾರ್ಡ್‌ಗೆ ಸಲ್ಲದ ಸಂದರ್ಭದಲ್ಲೂ ಸಿಂಕ್ ತಾನಾಗಿ ಬಂದುಬಿಟ್ಟಿದ್ದದ್ದು 2017ರಲ್ಲಿ ಪತ್ತೆಯಾಯಿತು.

ಅಟಾಮಿಕ್‌ಗಳಲ್ಲಿ ರಿಲ್ಯಾಕ್ಸ್ಡ್ ಆರ್ಡರಿಂಗ್ (ಸುತ್ತಲಿನ ಓದು-ಬರಹಗಳ ಕ್ರಮಕ್ಕೆ ಖಾತರಿ ಕೊಡದ ಬಗೆ) ತಪ್ಪಾಗಿ ಬಳಸಿದರೂ ಟೈಪ್ ಚೆಕರ್‌ಗೆ ಕಾಣದು. ಅಂಥ ಕೋಡ್‌ಗೆ, ಥ್ರೆಡ್‌ಗಳು ಓಡಬಹುದಾದ ಬೇರೆ ಬೇರೆ ಕ್ರಮಗಳನ್ನು ಪರೀಕ್ಷಿಸುವ ಲೂಮ್ ಎಂಬ ಲೈಬ್ರರಿಯಲ್ಲಿ ಪುಟ್ಟ ಟೆಸ್ಟ್ ಬರೆಯಿರಿ. 2–3 ಥ್ರೆಡ್ ಸಾಕು. ಹೆಚ್ಚಿಸಿದರೆ ಸಾಧ್ಯತೆಗಳು ಸ್ಫೋಟಗೊಂಡು ಟೆಸ್ಟ್ ಮುಗಿಯುವುದೇ ಇಲ್ಲ.