ಡಿಗ್ರಿ ಮುಗ್ದು ಕೆಲ್ಸ ಸಿಗ್ದೇ ಇರೋರು ನ್ಯಾಟ್ಸ್ ಅಪ್ರೆಂಟಿಸ್‌ಶಿಪ್ ನೋಡಿ

ನನ್ ತಮ್ಮ ಬಿಕಾಂ ಮುಗ್ಸಿ ಎಂಟ್ ತಿಂಗ್ಳು ಮನೇಲೇ ಇದ್ದ, ಎಲ್ ಹೋದ್ರೂ ಎಕ್ಸ್‌ಪೀರಿಯನ್ಸ್ ಇದ್ಯಾ ಅಂತಾನೇ ಕೇಳೋರು, ಕೊನೆಗೆ 2023ರಲ್ಲಿ ಕೇಂದ್ರ ಸರ್ಕಾರದ ನ್ಯಾಟ್ಸ್ (ಸ್ಟೈಪೆಂಡ್ ತಗೊಂಡು ಕಂಪ್ನೀಲಿ ಕೆಲ್ಸ ಕಲಿಯೋ ಅಪ್ರೆಂಟಿಸ್‌ಶಿಪ್ ಯೋಜನೆ) ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡಿಸ್ದೆ. ಬರೀ ಇಂಜಿನಿಯರ್‌ಗಳಿಗೆ ಅನ್ಕೊಂಡಿದ್ವಿ, ಬಿಎ ಬಿಕಾಂ ಆದವ್ರಿಗೂ ಇದೆ. ಒಂದ್ ವರ್ಷ ಟ್ರೇನಿಂಗ್, ಆಗ ಪದವೀಧರರಿಗೆ ತಿಂಗ್ಳಿಗೆ ಕನಿಷ್ಠ 9,000 ಸ್ಟೈಪೆಂಡ್, ಅದ್ರಲ್ಲಿ ಅರ್ಧ ಸರ್ಕಾರದ್ದು.

ಅವ್ನು ಸೇರಿದ್ ಕಂಪ್ನೀಲಿ ಮೊದ್ಲು ಎರಡ್ ತಿಂಗ್ಳು ಬರೀ ಫೈಲ್ ಜೋಡ್ಸೋ ಕೆಲ್ಸ ಕೊಟ್ರು, ನಂಗಂತೂ ತುಂಬಾ ಬೇಜಾರಾಯ್ತು, ಆಮೇಲೆ ಅಲ್ಲಿನ ಅಕೌಂಟೆಂಟ್ ಮೇಡಂ ಒಬ್ರು ಪಕ್ಕದಲ್ಲೇ ಕೂರಿಸ್ಕೊಂಡು ಟ್ಯಾಲಿ, ಜಿಎಸ್‌ಟಿ ರಿಟರ್ನ್ ಎಲ್ಲಾ ಕಲ್ಸಿದ್ರು, ಅವ್ರ ಋಣ ದೊಡ್ದು. ಮುಗಿದ್ಮೇಲೆ ಸರ್ಟಿಫಿಕೇಟ್ ಬಂತು. ಪರ್ಮನೆಂಟ್ ಮಾಡ್ಲೇಬೇಕು ಅಂತ ರೂಲ್ಸ್ ಇಲ್ಲ, ಮಾಡ್ಲೂ ಇಲ್ಲ, ಆದ್ರೆ ಮುಂದಿನ್ ಇಂಟರ್‌ವ್ಯೂನಲ್ಲಿ ಹೇಳೋಕೆ ಒಂದ್ ವರ್ಷದ ಅನುಭವ ಇತ್ತು, ಈಗ ಮೈಸೂರಲ್ಲಿ ಕೆಲ್ಸದಲ್ಲಿದಾನೆ. ಸೇರೋಕ್ ಮುಂಚೆ ಏನ್ ಕಲಿಸ್ತೀರಾ ಅಂತ ಮಾತ್ರ ಕೇಳ್ಕೊಳ್ಳಿ.